ಬಾಗಿಲ ಬುಡದ ತುಕ್ಕು: ಹಳೇ ಲೋಕಲ್ ಡಬ್ಬಿಗಳ ಜೊತೆ ನನ್ನ ಕೆಲಸ

ಮುಂಬೈ ಲೋಕಲ್ ಡಬ್ಬಿಗೆ ಮೊದಲು ವಯಸ್ಸಾಗುವುದು ಬಾಗಿಲ ಬುಡದಲ್ಲಿ. ಮೋಟಾರು, ಗಾಲಿಗಳ ಸರದಿ ಆಮೇಲೆ. ಇದು ಮನಸ್ಸಿಗೆ ಇಳಿಯುವಷ್ಟರಲ್ಲಿ ನಾನು ಶೆಡ್‌ನಲ್ಲಿ ಎರಡು ಮಳೆಗಾಲ ಕಳೆದಿದ್ದೆ.

ನಮ್ಮೂರು ಕುಂದಾಪುರದ ಹತ್ತಿರ. ಐಟಿಐ ಮುಗಿಸಿ ಚೆಂಬೂರಿನ ದೊಡ್ಡಮ್ಮನ ಮನೆಗೆ ಬಂದವನು ಮುಂದೆ ಮಧ್ಯ ರೈಲ್ವೆಯ ಕಾರ್‌ಶೆಡ್ ಒಂದರಲ್ಲಿ ಫಿಟ್ಟರ್ ಆದೆ. ನಮ್ಮ ಪಾಲಿಗೆ ಬರುತ್ತಿದ್ದದ್ದು ಹಾರ್ಬರ್ ಲೈನಿನ ಒಂಬತ್ತು ಡಬ್ಬಿಯ ರೇಕ್‌ಗಳು, ಅಂದರೆ ಡಬ್ಬಿ ಜೋಡಿಸಿದ ಪೂರ್ತಿ ಗಾಡಿಗಳು. ಆಗ ಅವೆಲ್ಲ 1500 ವೋಲ್ಟ್ ಡಿಸಿ ಕರೆಂಟಿನಲ್ಲಿ ಓಡುತ್ತಿದ್ದವು. 1925ರ ಫೆಬ್ರುವರಿ 3ರಂದು ವಿಟಿ (ವಿಕ್ಟೋರಿಯಾ ಟರ್ಮಿನಸ್) ನಿಲ್ದಾಣದಿಂದ ಕುರ್ಲಾಕ್ಕೆ ದೇಶದ ಮೊದಲ ಕರೆಂಟ್ ಗಾಡಿ ಹೋಯಿತಲ್ಲ, ಅದೂ ಇದೇ ಹಾರ್ಬರ್ ಲೈನಿನಲ್ಲಿ, ಇದೇ 1500 ವೋಲ್ಟ್‌ನಲ್ಲಿ.

ಮೊದಲ ದಿನವೇ ಮಿಸ್ತ್ರಿ ಕಾಕಾ ನನ್ನ ಕೈಗೆ ಒಂದು ಸಣ್ಣ ಸುತ್ತಿಗೆ ಕೊಟ್ಟರು. "ತಗಡನ್ನು ಕಣ್ಣಲ್ಲಿ ನೋಡಬೇಡ, ಕಿವಿಯಲ್ಲಿ ನೋಡು" ಅಂದರು. ಗಟ್ಟಿ ಉಕ್ಕಿಗೆ ತಟ್ಟಿದರೆ ಠಣ್ ಅನ್ನುತ್ತದೆ. ಒಳಗೆ ತುಕ್ಕು ತಿಂದಿದ್ದರೆ ಡಬ್ ಅನ್ನುತ್ತದೆ. ಮೇಲೆ ಬಣ್ಣ ಚೆನ್ನಾಗೇ ಇರುತ್ತದೆ, ಸುತ್ತಿಗೆ ಮಾತ್ರ ಒಳಗೆ ಹೋಗಿಬಿಡುತ್ತದೆ.

ಬಾಗಿಲ ಬಳಿಯೇ ಯಾಕೆ? ಆ ಡಬ್ಬಿಗಳ ಬಾಗಿಲು ಮುಚ್ಚುವ ಪದ್ಧತಿಯೇ ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೇರ ಒಳಗೆ ಬೀಳುತ್ತದೆ. ಜೊತೆಗೆ ಸಮುದ್ರದ ಉಪ್ಪು ಗಾಳಿ. ಜನರ ಭಾರ ಬೇರೆ. ಪೀಕ್ ಹೊತ್ತಿನಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರುತ್ತಾರೆ ಅನ್ನುವ ಲೆಕ್ಕವನ್ನು ನೀವೂ ಕೇಳಿರಬಹುದು. ಆ ಜನರೆಲ್ಲ ಹತ್ತುವುದು, ಇಳಿಯುವುದು ಆ ಬಾಗಿಲಲ್ಲೇ. ನೆಲದ ಹಾಸು ಸವೆದು ಒಂದು ಸೀಳು ಬಿಟ್ಟರೆ ಸಾಕು, ನೀರು ಕೆಳಗಿಳಿದು ಡಬ್ಬಿಯ ಉದ್ದಕ್ಕೂ ಇರುವ ತೊಲೆಯ ಮೇಲೆ ನಿಲ್ಲುತ್ತದೆ. ನಾವು ಅದನ್ನು ಸೋಲ್‌ಬಾರ್ ಅನ್ನುತ್ತೇವೆ. ಅದು ತುಕ್ಕು ಹಿಡಿದರೆ ಡಬ್ಬಿಯ ಬೆನ್ನುಮೂಳೆಗೇ ಪೆಟ್ಟು.

ಹಾಗಾಗಿ ನಾನು ಒಂದು ರೂಢಿ ಮಾಡಿಕೊಂಡೆ. ಡಬ್ಬಿ ದೊಡ್ಡ ರಿಪೇರಿಗೆ ಹೋಗುವ ಮೊದಲು ಬಾಗಿಲ ಬುಡಗಳನ್ನೆಲ್ಲ ತಟ್ಟಿ, ಡಬ್ ಅಂದ ಕಡೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮುಂದಿನ ಸಲ ಅದೇ ಡಬ್ಬಿ ಬಂದಾಗ ಹಳೇ ಗೆರೆ, ಹೊಸ ಗೆರೆ ಹೋಲಿಸುವುದು. ತುಕ್ಕು ಎಷ್ಟು ಬೇಗ ಹರಡುತ್ತಿದೆ ಅಂತ ಇದರಲ್ಲೇ ತಿಳಿಯುತ್ತದೆ. ಕೊಳೆತ ತಗಡು ಕತ್ತರಿಸಿ ಹೊಸ ತುಂಡು ಬೆಸುಗೆ ಹಾಕಬಹುದು. ಆದರೆ ತೇಪೆಯ ಪಕ್ಕದಲ್ಲೇ ಇನ್ನೊಂದು ತೇಪೆ ಬಂತು ಅಂದರೆ ಬೆಸುಗೆ ಹಿಡಿಯಲು ಗಟ್ಟಿ ಲೋಹವೇ ಉಳಿದಿಲ್ಲ ಅಂತ ಅರ್ಥ. ಕಾಗದದ ಪ್ರಕಾರ ಈ ಡಬ್ಬಿಗಳ ಆಯಸ್ಸು 25 ವರ್ಷ. ಇಪ್ಪತ್ತರಲ್ಲೇ ಸೋತ ಡಬ್ಬಿಯನ್ನೂ ನೋಡಿದ್ದೇನೆ, ಇಪ್ಪತ್ತೈದರಲ್ಲಿ ಠಣ್ ಅನ್ನುವುದನ್ನೂ ಕೇಳಿದ್ದೇನೆ.

ಒಂದು ಮಾತು ಹೇಳಿಬಿಡುತ್ತೇನೆ. ಜನ ಬೋಗಿ ಅನ್ನುವುದು ಇಡೀ ಡಬ್ಬಿಗೆ. ಶೆಡ್‌ನಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗೆ ಗಾಲಿ, ಸ್ಪ್ರಿಂಗು, ಬ್ರೇಕು ಇರುವ ಚೌಕಟ್ಟು. ಈ ಬೋಗಿ ಬಿಚ್ಚಿಕೊಂಡು ಬರುತ್ತದೆ, ಬೇರೆ ಡಬ್ಬಿಗೆ ಹೋಗುತ್ತದೆ. ಡಬ್ಬಿ ಸತ್ತರೂ ಬೋಗಿ ಬದುಕಬಹುದು.

ಮೋಟಾರ್ ಕೋಚ್, ಅಂದರೆ ಗಾಡಿ ಓಡಿಸುವ ಮೋಟಾರುಗಳಿರುವ ಡಬ್ಬಿ, ಅದರ ಕೆಲಸ ಬೇರೆಯೇ. ಒಂದೊಂದು ಕೋಚ್‌ಗೆ ನಾಲ್ಕು ಮೋಟಾರು. ಡಿಸಿ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆಯುತ್ತಲೇ ಇರುತ್ತದೆ. ಆ ಕರಿ ಪುಡಿ ಒಳಗೆ ಕೂತು, ಅದಕ್ಕೆ ಮಳೆಯ ತೇವ ಸೇರಿತೋ, ಕಿಡಿ ಹಾರುತ್ತದೆ. ಮಳೆಗಾಲದಲ್ಲಿ ಹಳಿ ಮುಳುಗಿದರೆ ಮೋಟಾರಿಗೇ ನೀರು ನುಗ್ಗುತ್ತದೆ, ಯಾಕೆಂದರೆ ಅದು ಆಕ್ಸಲ್ ಪಕ್ಕದಲ್ಲೇ ತೂಗುತ್ತಿರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಆಮೇಲಿನ ವಾರಗಳಲ್ಲಿ ನಾವು ಮಾಡಿದ್ದು ಒಂದೇ ಕೆಲಸ: ಮೋಟಾರು ಇಳಿಸುವುದು, ತೊಳೆಯುವುದು, ಒವನ್‌ನಲ್ಲಿ ಒಣಗಿಸುವುದು, ಮೆಗ್ಗರ್ ಅನ್ನುವ ಮೀಟರ್ ಹಿಡಿದು ಇನ್ಸುಲೇಷನ್ ನೋಡುವುದು, ಸಾಲದಿದ್ದರೆ ಮತ್ತೆ ಒಣಗಿಸುವುದು.

ಹಳೇ ಗಾಡಿಯಲ್ಲಿ ನನ್ನನ್ನು ತುಂಬ ಕಾಡಿದ್ದು ಕಂಟ್ರೋಲ್ ವೈರುಗಳು. ಡಬ್ಬಿಯಿಂದ ಡಬ್ಬಿಗೆ ಹೋಗುವ ಕೇಬಲ್‌ನೊಳಗೆ ರಬ್ಬರ್ ಒಡೆದಿರುತ್ತದೆ. ಲೈನ್ ಮೇಲೆ ಮೋಟಾರ್‌ಮನ್‌ಗೆ ತೊಂದರೆ ಕೊಟ್ಟ ಗಾಡಿ ಶೆಡ್‌ನ ಪಿಟ್ (ಕೆಳಗಿನಿಂದ ನೋಡುವ ಗುಂಡಿ) ಮೇಲೆ ಬಂದು ನಿಂತಾಗ ಎಲ್ಲ ಸರಿ. ಅಲುಗಾಡಿದರೆ ಮಾತ್ರ ತಪ್ಪು ತೋರಿಸುತ್ತದೆ. ನಮಗೆ ಸಿಗುತ್ತಿದ್ದದ್ದು ಕೊನೆಯ ಲೋಕಲ್‌ಗೂ ಬೆಳಗಿನ ಮೊದಲ ಲೋಕಲ್‌ಗೂ ನಡುವಿನ ಮೂರು ಗಂಟೆ. ಒಬ್ಬ ಕೇಬಲ್ ಹಿಡಿದು ಅಲ್ಲಾಡಿಸಬೇಕು, ಇನ್ನೊಬ್ಬ ಮೀಟರ್ ನೋಡಬೇಕು. ಬೇರೆ ದಾರಿ ಇರಲಿಲ್ಲ.

ಈ ನಡುವೆ ಡಿಸಿ ತೆಗೆದು 25 ಸಾವಿರ ವೋಲ್ಟ್ ಎಸಿ ತರುವ ಕೆಲಸ ಶುರುವಾಗಿತ್ತು. ಕಾರಣ ಸರಳ. ವೋಲ್ಟೇಜ್ ಕಡಿಮೆ ಇದ್ದರೆ ಅಷ್ಟೇ ಶಕ್ತಿಗೆ ಕರೆಂಟ್ ಜಾಸ್ತಿ ಎಳೆಯಬೇಕು, ದಪ್ಪ ತಂತಿ ಬೇಕು, ಹೆಜ್ಜೆಗೊಂದು ಸಬ್‌ಸ್ಟೇಷನ್ ಬೇಕು. ಮೇಲಾಗಿ ನಮ್ಮ ಹಳೇ ಗಾಡಿಗಳು ಹೊರಡುವಾಗ ಕರೆಂಟನ್ನು ರೆಸಿಸ್ಟೆನ್ಸ್ ಗ್ರಿಡ್‌ಗಳ ಮೂಲಕ ಹಾಯಿಸುತ್ತಿದ್ದವು. ಅದರಲ್ಲಿ ಒಂದು ಪಾಲು ಸುಮ್ನೆ ಶಾಖವಾಗಿ ಹೋಗುತ್ತಿತ್ತು. ಹೊಸ ಗಾಡಿಗಳು ಬ್ರೇಕ್ ಹಾಕಿದಾಗ ಕರೆಂಟನ್ನು ತಂತಿಗೇ ವಾಪಸ್ ಕೊಡುತ್ತವೆ. ಬದಲಾವಣೆ ಆಗಲೇಬೇಕಿತ್ತು ಅಂತ ನಾನೂ ನಂಬಿದ್ದೆ. ಪಶ್ಚಿಮ ರೈಲ್ವೆ 2012ರಲ್ಲಿ ಮುಗಿಸಿತು. ನಮ್ಮ ಮುಖ್ಯ ಲೈನಿನದು 2015ರಲ್ಲಿ ಆಯಿತು. ಹಾರ್ಬರ್ ಕೊನೆಗೆ ಉಳಿಯಿತು.

ಕಷ್ಟ ಶುರುವಾದದ್ದು ಇಲ್ಲೇ. ಇನ್ನೇನು ಮೂಲೆಗೆ ಸೇರಲಿರುವ ಗಾಡಿಗೆ ಹೊಸ ಸಾಮಾನು ತರಿಸುವುದು ಕಡಿಮೆಯಾಗುತ್ತದೆ. ಆದರೆ ಬದಲಾಗುವ ದಿನ ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ಇವತ್ತು ಗಾಡಿ ಓಡಬೇಕು ಅಂದರೆ ಯಾವುದೋ ಡಬ್ಬಿಯಿಂದ ಕಿತ್ತು ಇನ್ನೊಂದಕ್ಕೆ ಹಾಕಬೇಕು. ಅವಸರದಲ್ಲಿ ಎಲ್ಲ ಡಬ್ಬಿಯಿಂದಲೂ ಸ್ವಲ್ಪ ಸ್ವಲ್ಪ ಕೀಳುತ್ತಾ ಹೋದರೆ ಕೊನೆಗೆ ಒಂದೂ ನೆಟ್ಟಗೆ ಇರುವುದಿಲ್ಲ. ಅದಕ್ಕೇ ನಾನು ಸೀನಿಯರ್‌ಗಳ ಹತ್ತಿರ ಹಟ ಮಾಡಿದೆ: ಯಾವ ಯುನಿಟ್ ಮೊದಲು ಸಾಯಬೇಕು ಅಂತ ಮೊದಲೇ ತೀರ್ಮಾನಿಸೋಣ, ಅದೊಂದರಿಂದಲೇ ತೆಗೆಯೋಣ. ಆರಿಸಲು ನನ್ನ ನೋಟ್‌ಬುಕ್ಕೇ ಆಧಾರವಾಯಿತು. ಸೋಲ್‌ಬಾರ್ ಕೆಟ್ಟು, ಮೋಟಾರು ಚೆನ್ನಾಗಿದ್ದ ಡಬ್ಬಿ ಮೊದಲು. ಮೈ ಗಟ್ಟಿಯಿದ್ದ ಡಬ್ಬಿಗೆ ಅದರ ಮೋಟಾರು.

ಇದರಲ್ಲಿ ನಾನೇ ಒಂದು ತಪ್ಪು ಮಾಡಿದೆ. ನಿಂತ ಡಬ್ಬಿಯಿಂದ ಇಳಿಸಿದ ಒಂದು ಮೋಟಾರಿಗೆ ಚೀಟಿ ಕಟ್ಟಲಿಲ್ಲ. ನೋಡಲು ಚೆನ್ನಾಗಿತ್ತು, ಮೆಗ್ಗರ್‌ನಲ್ಲೂ ಪಾಸಾಯಿತು, ಹಾಕಿಬಿಟ್ಟೆವು. ಹನ್ನೊಂದನೇ ದಿನ ಬೆಳಗಿನ ಪೀಕ್‌ನಲ್ಲಿ ಕೈಕೊಟ್ಟಿತು. ಡಬ್ಬಿಗಟ್ಟಲೆ ಜನ ಹಳಿ ಮೇಲೆ ಇಳಿದು ನಡೆದರು. ಹಳೇ ರಿಜಿಸ್ಟರ್ ತೆಗೆದು ನೋಡಿದರೆ ಅದು ಹಿಂದೊಮ್ಮೆ ನೀರು ಕುಡಿದ ಮೋಟಾರು. ಆ ಜನರ ನಡುವೆ ಮಕ್ಕಳನ್ನು ಎತ್ತಿಕೊಂಡವರೂ ಇದ್ದರು ಅಂತ ಮೋಟಾರ್‌ಮನ್ ಹೇಳಿದಾಗ ನನಗೆ ಊಟ ಸೇರಲಿಲ್ಲ. ಅಂದಿನಿಂದ ಬ್ರೇಕ್ ವಾಲ್ವ್ ಇರಲಿ, ಮೇಲಿನ ತಂತಿಯಿಂದ ಕರೆಂಟ್ ತೆಗೆಯುವ ಪ್ಯಾಂಟೊಗ್ರಾಫ್ ಇರಲಿ, ಯಾವ ಡಬ್ಬಿಯದು, ಯಾವ ತಾರೀಕು ಇಳಿಸಿದ್ದು, ಹಿಂದೆ ಏನಾಗಿತ್ತು, ಇಷ್ಟು ಬರೆದ ತಗಡಿನ ಚೀಟಿ ಇಲ್ಲದೆ ಏನೂ ಒಂದು ಗಾಡಿಯಿಂದ ಇನ್ನೊಂದಕ್ಕೆ ಹೋಗಲಿಲ್ಲ.

2016ರ ಏಪ್ರಿಲ್ 9ರ ರಾತ್ರಿ ಕೊನೆಯ ಡಿಸಿ ಲೋಕಲ್ ಕುರ್ಲಾದಿಂದ ಸಿಎಸ್‌ಟಿಗೆ, ಅಂದರೆ ಹಳೇ ವಿಟಿಗೆ, ಹೋಯಿತು. ಮೊದಲ ಗಾಡಿ ಓಡಿದ ಅದೇ ಎರಡು ನಿಲ್ದಾಣಗಳ ನಡುವೆ. ನಾನು ಆ ರಾತ್ರಿ ಡ್ಯೂಟಿಯಲ್ಲಿದ್ದೆ.

ಆಮೇಲೆ ಲೆಕ್ಕವೇ ತಲೆಕೆಳಗಾಯಿತು. ನಿನ್ನೆಯವರೆಗೆ ಚಿನ್ನದಂತೆ ಕಾಪಾಡಿದ ಡಿಸಿ ಮೋಟಾರುಗಳು ತಾಮ್ರದ ತೂಕಕ್ಕೆ ಹೋದವು. ಯಾರೂ ಕೇಳದೆ ಬಿದ್ದಿದ್ದ ಗಾಲಿ ಸೆಟ್‌ಗಳಲ್ಲಿ ಒಳ್ಳೆಯವನ್ನು, ಆಕ್ಸಲ್ ಒಳಗೆ ಬಿರುಕಿದೆಯಾ ಅಂತ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಿ, ಬೇರೆ ಇಟ್ಟೆವು. ಡಬ್ಬಿಗಳನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸುವಾಗ ನಾನು ಬಾಗಿಲ ಬುಡದ ಹತ್ತಿರ ಹೋಗಿ ನಿಂತೆ. ನನ್ನ ಸುಣ್ಣದ ಗೆರೆ ಇದ್ದ ಕಡೆ ಸೋಲ್‌ಬಾರ್ ಬಿಸ್ಕತ್ತಿನ ಹಾಗೆ ಉದುರಿತು. ಗೆರೆಯಿಂದ ಒಂದು ಗೇಣು ಆಚೆ ಅದೇ ಉಕ್ಕನ್ನು ಕತ್ತರಿಸಲು ಕಟರ್ ಹಿಡಿದ ಹುಡುಗ ಎರಡು ಸಲ ಜ್ವಾಲೆ ಹಿಡಿಯಬೇಕಾಯಿತು.