ಕಾದಾಗ 3 ಬಾರ್, ತಣಿದಾಗ ಸೊನ್ನೆ: ಬಾಯ್ಲರ್ ಒತ್ತಡ ಸರಿಹೋದ ಬಗೆ

ಇಂಗ್ಲೆಂಡಿನ ನಮ್ಮ ಮನೆಯ, ಕೋಣೆಗಳನ್ನೂ ನಲ್ಲಿ ನೀರನ್ನೂ ಬಿಸಿಮಾಡುವ ಕಾಂಬಿ ಬಾಯ್ಲರ್‌ನಲ್ಲಿ ಹೀಟಿಂಗ್ ಹಾಕಿದರೆ ಒತ್ತಡದ ಗೇಜಿನ ಮುಳ್ಳು 3 ಬಾರ್‌ಗೆ ಏರಿ, ಹೊರಗೋಡೆಯ ತಾಮ್ರದ ಪೈಪಿನಿಂದ ನೀರು ಸುರಿಯುತ್ತಿತ್ತು. ತಣಿದ ಮೇಲೆ ಸೊನ್ನೆ. ಬರೀ ಸೋರಿಕೆಯಾಗಿದ್ದರೆ ಒತ್ತಡ ಇಳಿಯುತ್ತದೆಯೇ ಹೊರತು ಹೀಗೆ ಜಿಗಿಯುವುದಿಲ್ಲ. ಇದು, ನೀರಿಗೆ ಹಿಗ್ಗಲು ಜಾಗ ಕೊಡುವ ಗಾಳಿಡಬ್ಬಿಯಾದ ಎಕ್ಸ್‌ಪ್ಯಾನ್ಷನ್ ವೆಸೆಲ್‌ನ ಗಾಳಿ ಹೋದ ಲಕ್ಷಣ: ಕಾದು ಹಿಗ್ಗಿದ ನೀರಿಗೆ ಜಾಗವೇ ಇರುವುದಿಲ್ಲ.

ಬಾಯ್ಲರ್ ಆರಿಸಿ ಪೂರ್ತಿ ತಣಿಯಲು ಬಿಟ್ಟೆ. ವೆಸೆಲ್‌ನ ಗಾಳಿ ವಾಲ್ವ್ ಕಾರಿನ ಟೈರಿನದ್ದೇ ಬಗೆಯದು. ಅದರ ಪಿನ್ ಒತ್ತಿದಾಗ ನೀರು ಬಂದರೆ ಒಳಗಿನ ರಬ್ಬರ್ ಪರದೆ ಹರಿದಿದೆ, ವೆಸೆಲ್ ಬದಲಿಸಲೇಬೇಕು. ಇಲ್ಲಿ ನೀರೂ ಬರಲಿಲ್ಲ, ಗಾಳಿಯೂ ಇಲ್ಲ. ಡ್ರೈನ್ ಕಾಕ್ (ನೀರು ಹೊರಬಿಡುವ ನಲ್ಲಿ) ತೆರೆದು ಒತ್ತಡವನ್ನು ಸೊನ್ನೆಗಿಳಿಸಿ, ಅದನ್ನು ತೆರೆದೇ ಇಟ್ಟು ಕಾಲುಪಂಪಿನಿಂದ 0.75 ಬಾರ್ ಗಾಳಿ ತುಂಬಿದೆ (ನಿಮ್ಮ ಬಾಯ್ಲರ್‌ನ ಮ್ಯಾನ್ಯುಯಲ್ ಹೇಳುವ ಅಂಕಿಯೇ ಅಂತಿಮ). ಡ್ರೈನ್ ಮುಚ್ಚಿಟ್ಟು ಪಂಪು ಹೊಡೆದರೆ ಪಂಪಿನ ಗೇಜ್ ತೋರಿಸುವುದು ಎದುರಿನ ನೀರಿನ ಒತ್ತಡವನ್ನು. ರಿಪೇರಿ ಕೈಕೊಡುವುದು ಇಲ್ಲೇ. ಆಮೇಲೆ ಡ್ರೈನ್ ಮುಚ್ಚಿ, ಫಿಲ್ಲಿಂಗ್ ಲೂಪಿನಿಂದ (ಕೊಳಾಯಿ ನೀರು ತುಂಬುವ ಕೊಳವೆ) 1.2 ಬಾರ್‌ವರೆಗೆ ನೀರು ತುಂಬಿ, ಕೋಣೆ ಬಿಸಿಮಾಡುವ ರೇಡಿಯೇಟರ್‌ಗಳಲ್ಲಿ ಸಿಕ್ಕ ಗಾಳಿಯನ್ನು ಹೊರಬಿಟ್ಟೆ. ಈಗ ಕಾದಾಗಲೂ ಮುಳ್ಳು 1.7 ದಾಟುವುದಿಲ್ಲ.

ಒತ್ತಡ ಮಿತಿಮೀರಿ ಹೊರಗೋಡೆಯ ಪೈಪಿಗೆ ನೀರು ಬಿಡಲು ಒಮ್ಮೆ ತೆರೆದುಕೊಂಡ ಸೇಫ್ಟಿ ವಾಲ್ವ್‌ನಲ್ಲಿ ಕಸ ಸಿಕ್ಕಿ ತೊಟ್ಟಿಕ್ಕುತ್ತಲೇ ಇದ್ದರೆ ಅದನ್ನೂ ಬದಲಿಸಬೇಕು. ಗಾಳಿ ವಾಲ್ವ್ ತಲುಪಲು ದಹನ ಭಾಗದ ಸೀಲ್ ಬಿಚ್ಚಬೇಕಾದ ಮಾದರಿಗಳಲ್ಲಿ ಮಾತ್ರ ಕೈಹಾಕಬೇಡಿ, ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಎಂಜಿನಿಯರುಗಳ ಅಧಿಕೃತ ಪಟ್ಟಿ) ನೋಂದಣಿ ಇರುವ ಎಂಜಿನಿಯರನ್ನೇ ಕರೆಯಿರಿ.