ಮುರುಗಲ ಸಿಪ್ಪೆಯ ಕೆಂಪು ಕೊನೆಗೂ ಉಳಿಯಿತು

ಮೂರು ವರ್ಷ ಎಲ್ಲರದೂ ಒಂದೇ ಮಾತು: "ಮುರುಗಲು (ಕೋಕಂ ಹಣ್ಣು) ಒಣಗಿದರೆ ಕಪ್ಪಾಗಲೇಬೇಕು, ಸುಮ್ನೆ ದುಡ್ಡು ಹಾಳು." ಈ ಮೇ ತಿಂಗಳಲ್ಲಿ ಒಣಗಿಸಿದ ಸಿಪ್ಪೆ ದಸರಾ ಕಳೆದರೂ ದಾಳಿಂಬೆ ಕಾಳಿನಷ್ಟು ಕೆಂಪಾಗಿದೆ. ನಮ್ಮ ಕುಮಟಾ ಕಡೆ ಇಂಥದ್ದನ್ನು ನಾನಂತೂ ನೋಡಿಲ್ಲ.

ಬಣ್ಣದ ಹುಚ್ಚು ಹಿಡಿದದ್ದು ಚಿಕ್ಕಮ್ಮನಿಗೆ ಕರುಳಿನ ಕ್ಯಾನ್ಸರ್ ಆದ ಮೇಲೆ. ಮುರುಗಲ ಕೆಂಪು ಅಂದ್ರೆ ಆಂಥೋಸಯಾನಿನ್, ನೇರಳೆ ಹಣ್ಣಿನಲ್ಲಿರುವುದೂ ಅದೇ ಜಾತಿ. ರಕ್ತಕ್ಕೆ ಸೇರುವುದು ಕಡಿಮೆ, ಜಾಸ್ತಿ ಪಾಲು ದೊಡ್ಡ ಕರುಳಿಗೇ ಇಳಿಯುತ್ತದೆ. ಲ್ಯಾಬಿನಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಗ್ಗಿಸಿದ್ದಿದೆ. ಗಾಜಿನ ತಟ್ಟೆಯಲ್ಲಿ ಆದದ್ದು ಹೊಟ್ಟೆಯಲ್ಲೂ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ತಿನ್ನುವುದಾದರೆ ಬಣ್ಣ ಉಳಿದದ್ದನ್ನೇ ತಿನ್ನಬೇಕು, ಅಲ್ವಾ?

ಮೊದಲ ವರ್ಷ ಅಟ್ಟದ ಹೊಗೆಯಲ್ಲಿಟ್ಟೆ, ಇದ್ದಿಲಿನ ಬಣ್ಣ ಬಂತು. ಎರಡನೇ ವರ್ಷ ಬಿಸಿಲಿಗೆ ಹಾಕಿದೆ. ಮೇ ಕೊನೆಗೆ ಮಳೆ ಹೊಡೆದು ಹತ್ತಿರ 60 ಕೆ.ಜಿ. ಹಸಿ ಸಿಪ್ಪೆಗೆ ಬೂಸ್ಟು ಹಿಡಿಯಿತು. ಮೂರನೇ ವರ್ಷ 40 ಸಾವಿರ ಸಾಲ ಮಾಡಿ ಡ್ರೈಯರ್ ತಂದೆ. ಬೇಗ ಮುಗಿಯಲಿ ಅಂತ 70 ಡಿಗ್ರಿ ಇಟ್ಟೆ. ಬೆಳಿಗ್ಗೆ ಬಾಗಿಲು ತೆಗೆದರೆ ಬೆಲ್ಲ ಸೀದ ವಾಸನೆ, ಅಂಚೆಲ್ಲ ಕಂದು. ಕೊಂಡವರು ಮೂಟೆ ವಾಪಸ್ ಕಳಿಸಿದರು, ಲಾರಿ ಬಾಡಿಗೆಯೂ ನನ್ನ ತಲೆಗೇ ಬಂತು.

ಈ ಸಲ 50 ಡಿಗ್ರಿ ದಾಟಿಸಲಿಲ್ಲ. ಕೊಯ್ದ ದಿನವೇ ಹಣ್ಣನ್ನು ಹೆಚ್ಚಿದೆ. ಕಬ್ಬಿಣ ತಾಗಿದ ಅಂಚು ಕಪ್ಪಾಗುತ್ತಿತ್ತು, ಹಾಗಾಗಿ ಸ್ಟೀಲ್ ಚಾಕು ಹಿಡಿದೆ. ಸುಮಾರು 18 ಗಂಟೆ ಬೇಕಾಯಿತು. ಮಡಚಿದರೆ ಚರ್ಮದ ಹಾಗೆ ಬಾಗಬೇಕು, ಬೆರಳಿಗೆ ಅಂಟಬಾರದು. 10 ಕೆ.ಜಿ. ಹಣ್ಣಿಗೆ ಒಂದು ಕೆ.ಜಿ.ಗಿಂತ ಸ್ವಲ್ಪ ಕಡಿಮೆ ಒಣ ಸಿಪ್ಪೆ ಸಿಕ್ಕಿತು. ಟ್ರೇಗೆ ಹರಡುವ ಮೊದಲು ಅರ್ಧ ಗಂಟೆಯ ಕೆಲಸ ಒಂದಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಇದೇ ಭರದಲ್ಲಿ ಕೆಂಪು ಹರಿವೆಯನ್ನೂ ಒಣಗಿಸಿ ನೋಡಿದೆ. ಮುರುಗಲ ನೀರಿಗೆ ಸೋಡಾ ಹಾಕಿದರೆ ನೀಲಿ ಛಾಯೆಗೆ ತಿರುಗುತ್ತದೆ, ಹರಿವೆ ನೀರು ತಿರುಗಲಿಲ್ಲ. ಅದು ಬೇರೆಯೇ ಬಣ್ಣ, ಬೀಟ್‌ರೂಟಿನ ಕುಲದ್ದು. ಟೊಮೆಟೊ ಲೆಕ್ಕವಂತೂ ಪೂರಾ ಉಲ್ಟಾ: ಎಣ್ಣೆ ಹಾಕಿ ಬೇಯಿಸಿದರೇ ಅದರ ಕೆಂಪು ಬಣ್ಣ, ಅಂದ್ರೆ ಲೈಕೋಪಿನ್, ಮೈಗೆ ಚೆನ್ನಾಗಿ ಹತ್ತುತ್ತದೆ. ಗೊಜ್ಜು ಮಾಡುವವರು ಬೆಂಕಿಗೆ ಹೆದರಬೇಕಿಲ್ಲ.

ಒಬ್ಬ ವ್ಯಾಪಾರಿ ಬಂದು, "ಪುಡಿ ಮಾಡಿ ಕ್ಯಾಪ್ಸೂಲ್‌ಗೆ ತುಂಬು, ಕ್ಯಾನ್ಸರ್ ತಡೆಯುತ್ತೆ ಅಂತ ಚೀಟಿ ಹಚ್ಚು, ಮೂರು ಪಟ್ಟು ರೇಟು ಕೊಡ್ತೇನೆ" ಅಂದ. ಒಪ್ಪಲಿಲ್ಲ. ಫಿನ್ಲೆಂಡಿನಲ್ಲಿ 29 ಸಾವಿರ ಚಿಲ್ಲರೆ ಧೂಮಪಾನಿ ಗಂಡಸರ ಮೇಲೆ ಬೀಟಾ ಕ್ಯಾರೋಟಿನ್ ಮಾತ್ರೆಯ ಪರೀಕ್ಷೆ ನಡೆದಿತ್ತು. ಕ್ಯಾರೆಟ್ಟಿಗೆ ಬಣ್ಣ ಕೊಡುವುದು ಅದೇ. 1994ರಲ್ಲಿ ಫಲಿತಾಂಶ ಬಂದಾಗ, ಆ ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಸುಮಾರು 18% ಜಾಸ್ತಿ ಇತ್ತು. ಇದನ್ನು ಓದಿದ ಮೇಲೆ ಆ ಚೀಟಿ ಹಚ್ಚಲು ಕೈ ಬರುವುದಿಲ್ಲ.

ನನ್ನ ಪೊಟ್ಟಣದ ಮೇಲೆ ಇರುವುದು ಮುರುಗಲ ಸಿಪ್ಪೆ, ತೂಕ, ಒಣಗಿಸಿದ ತಿಂಗಳು, ಇಷ್ಟೇ. ಕೆ.ಜಿ.ಗೆ 450ರಂತೆ ಸುಮಾರು 45 ಕೆ.ಜಿ. ಹೋಯಿತು. ಡ್ರೈಯರ್ ಸಾಲ ಅರ್ಧ ತೀರಿದೆ.