ತೊಟ್ಟಿಲು, ಗಾದಿ ಮತ್ತು ಟ್ರಂಕಿನ ವಾಸನೆ: ನನ್ನ ಅನುಭವ

ಆಗ ನಾನು ಏಳು ತಿಂಗಳ ಬಸುರಿ. ಆನ್‌ಲೈನಲ್ಲಿ ತರಿಸಿದ ಕ್ರಿಬ್‌ನ, ಅಂದರೆ ಕೂಸಿನ ಮಂಚದ, ಡಬ್ಬಿ ಒಡೆದ ಕೂಡಲೇ ಕಣ್ಣು ಚುರುಚುರು ಅಂತು. ‘ಅಪ್ಪಟ ಮರ’ ಅಂತ ಬರೆದಿತ್ತು. ಸ್ಕ್ರೂ ಹಾಕುವ ತೂತಿನೊಳಗೆ ನೋಡಿದರೆ ಪುಡಿ ಒತ್ತಿ ಅಂಟಿಸಿದ ಹಲಗೆ, ಎಂಡಿಎಫ್. ಇಂಥ ಹಲಗೆಯ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಅನ್ನೋ ಕಣ್ಣು-ಮೂಗು ಉರಿಸುವ ರಾಸಾಯನಿಕ ಇರುತ್ತೆ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಗಾಳಿಗೆ ಬಿಡುತ್ತೆ. ಇ-0, ಇ-1 ಅಂತ ಗುರುತಿರುವ ಹಲಗೆಗಳಲ್ಲಿ ಇದು ಕಡಿಮೆ. ನನಗೆ ಬಂದದ್ದರ ಮೇಲೆ ಯಾವ ಗುರುತೂ ಇರಲಿಲ್ಲ. ವಾಪಸ್ ಕಳಿಸಿದೆ.

ಅತ್ತೆ ಅಟ್ಟದಿಂದ ಕಲಘಟಗಿ ತೊಟ್ಟಿಲು ಇಳಿಸಿದರು. ನಮ್ಮ ಯಜಮಾನರು ಅದರಲ್ಲೇ ಮಲಗಿ ಬೆಳೆದವರು. ಕಲಘಟಗಿಯ ಅಸಲಿ ಬಣ್ಣ ಅರಗಿನದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಂದೋ ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಆಯಿಲ್ ಪೇಂಟನ್ನು ಅದಕ್ಕೂ ಬಳಿದುಬಿಟ್ಟಿದ್ದರು, ಈಗ ಅದು ಚಕ್ಕೆಚಕ್ಕೆಯಾಗಿ ಏಳುತ್ತಿತ್ತು. ಮನೆ ಬಳಕೆಯ ಬಣ್ಣದಲ್ಲಿ ಸೀಸ (ಲೆಡ್ ಅನ್ನೋ ವಿಷದ ಲೋಹ) 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಭಾಗ, ದಾಟಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಳೇ ಬಣ್ಣದಲ್ಲಿ ಸೀಸ ಎಷ್ಟಿತ್ತೋ ಯಾರಿಗೆ ಗೊತ್ತು. ಉಜ್ಜಿ ತೆಗೆಸೋಣ ಅಂದರು ಯಜಮಾನರು. ಬೇಡವೇ ಬೇಡ ಅಂದೆ, ಉಜ್ಜಿದರೆ ಸೀಸದ ಪುಡಿ ಮನೆ ತುಂಬಾ. ತೊಟ್ಟಿಲು ಮತ್ತೆ ಅಟ್ಟ ಸೇರಿತು, ಅತ್ತೆ ಎರಡು ದಿನ ಮಾತಾಡಲಿಲ್ಲ.

ಕೊನೆಗೆ ಓಣಿಯ ಬಡಿಗೇರರಿಂದ ಸಾಗವಾನಿಯಲ್ಲಿ ಹೊಸ ತೊಟ್ಟಿಲು ಮಾಡಿಸಿದೆವು. ಪಕ್ಕದ ಪಟ್ಟಿಗಳ ನಡುವೆ 6 ಸೆಂ.ಮೀ.ಗಿಂತ ಜಾಸ್ತಿ ಸಂದು ಇರಬಾರದು ಅಂದಿದ್ದೆ, ಕೂಲ್‌ಡ್ರಿಂಕ್ಸ್ ಡಬ್ಬಿ ತೂರಿಸಿ ನೋಡಿ, ಅದು ತೂರದಿದ್ದ ಮೇಲೆಯೇ ಒಪ್ಪಿಕೊಂಡೆ. ಪಾಲಿಶ್ ಬೇಡ ಅಂದದ್ದಕ್ಕೆ ಅವರು, “ಪಾಲಿಶ್ ಇಲ್ಲದ್ದು ಕೊಟ್ರ ಮಂದಿ ನನಗ ನಗ್ತಾರ್ರೀ ಅಕ್ಕಾರ” ಅಂದರು. ಗಾಣದ ಅಗಸಿ ಎಣ್ಣೆ ತೆಳ್ಳಗೆ ಸವರಿ ಒಂದು ತಿಂಗಳು ಗಾಳಿಗೆ ಬಿಟ್ಟೆ. ಪೇಂಟ್ ಅಂಗಡಿಯಲ್ಲಿ ‘ಬಾಯ್ಲ್ಡ್’ ಅಂತ ಸಿಗೋದು ಬೇಡ, ಬೇಗ ಒಣಗಲಿ ಅಂತ ಅದಕ್ಕೆ ಲೋಹದ ರಾಸಾಯನಿಕ ಬೆರೆಸಿರುತ್ತಾರೆ. ಹಾಂ, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಗಾದಿಗೆ ಪಿಂಜಾರರನ್ನು ಕರೆಸಿ ಹೊಸ ಹತ್ತಿ ಹಾಕಿಸಿದೆ. ಅವರು ರೂಢಿಯಂತೆ ಮೆತ್ತಗೆ ಮಾಡಲು ಹೊರಟರು. ಕೂಸಿನ ಮುಖ ಹುದುಗಬಾರದು, ಗಟ್ಟಿ ಬೇಕು, ಸಮತಟ್ಟಾಗಿರಬೇಕು ಅಂತ ಪಕ್ಕದಲ್ಲೇ ಕೂತು ತುರುಕಿಸಿದೆ. ಮೇಲೆ ಕೋರಾ ಬಟ್ಟೆ, ರಾತ್ರಿಯೆಲ್ಲಾ ನೆನೆಸಿ ಗಂಜಿ ತೆಗೆದದ್ದು.

ಇಷ್ಟೆಲ್ಲಾ ಮೂಸಿ ನೋಡಿದವಳು ಮನೆಯ ಟ್ರಂಕನ್ನೇ ಮರೆತಿದ್ದೆ. ಅತ್ತೆಯ ಹಳೇ ಕಾಟನ್ ಸೀರೆಗಳನ್ನು ಹರಿದು ಕೂಸಿಗೆ ಸುತ್ತೋಕೆ ಅಂತ ಮಡಿಚಿಟ್ಟಿದ್ದೆ, ಅದಕ್ಕಿಂತ ಮೆತ್ತನೆಯದು ಯಾವುದಿದೆ ಹೇಳಿ. ಮಕ್ಕಳ ಡಾಕ್ಟರು ಮಾತಿನ ನಡುವೆ, “ಟ್ರಂಕಿಗೆ ಡಾಂಬರ ಗುಳಿಗೆ ಹಾಕ್ತೀರಾ?” ಅಂತ ಕೇಳಿದರು. ನ್ಯಾಫ್ತಲೀನ್ ಅದು. ಜಿ6ಪಿಡಿ ಅನ್ನೋ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಿಗೆ ಅದು ತಾಗಿದರೆ ಕೆಂಪು ರಕ್ತಕಣ ಒಡೆದು, ಕಾಮಾಲೆ ಮಿದುಳಿಗೆ ಪೆಟ್ಟು ಕೊಡುವಷ್ಟು ಏರಬಹುದಂತೆ. ಆ ಕೊರತೆ ಇದೆಯೋ ಇಲ್ಲವೋ ಕೂಸನ್ನು ನೋಡಿದರೆ ಗೊತ್ತಾಗುವುದೂ ಇಲ್ಲ. ಮನೆಗೆ ಬಂದು ಮೂಸಿದರೆ ಹೌದು, ಅದೇ ವಾಸನೆ. ನನಗೆ ಅದು ಅಜ್ಜಿ ಮನೆಯ ವಾಸನೆ ಅನ್ನಿಸಿ ಹಿತವಾಗಿಯೇ ಇತ್ತು. ಆ ಸೀರೆಗಳನ್ನು ಕೂಸಿನ ಹತ್ತಿರ ತರಲಿಲ್ಲ. ಖಾದಿ ಭಂಡಾರದ ಬಟ್ಟೆ ತಂದು ನಾಲ್ಕೈದು ಸಲ ಒಗೆದು ಬಳಸಿದೆ. ಟ್ರಂಕಿಗೆ ಈಗ ಒಣ ಬೇವಿನ ಎಲೆ.

ಸಾಸಿವೆ ದಿಂಬು, ಕೌದಿ ಎರಡಕ್ಕೂ ಮೊದಲ ವರ್ಷ ತೊಟ್ಟಿಲಲ್ಲಿ ಜಾಗವಿಲ್ಲ ಅಂದಾಗ ಮತ್ತೊಂದು ಜಗಳ. “ಹಂಗಾರ ಕೂಸಿನ ತಲಿ ಗುಂಡಗ ಆಗೂದು ಹೆಂಗವಾ?” ಅತ್ತೆಯ ಪ್ರಶ್ನೆ. ಅಪ್ಪಟ ಹತ್ತಿಯದಾದರೂ ಮುಖಕ್ಕೆ ಅಡ್ಡ ಬಂದರೆ ಉಸಿರು ಕಟ್ಟುತ್ತೆ ಅಲ್ವಾ. ಅಂಗಾತ ಮಲಗಿಸಿ ತೊಟ್ಟಿಲು ಖಾಲಿ ಬಿಟ್ಟೆ. ಕೌದಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಆಡಿಸಿದೆವು.

ನಾನು ಎಡವಿದ್ದು ಗಾದಿಯಲ್ಲಿ. ವಾರಕ್ಕೊಮ್ಮೆ ಬಿಸಿಲಿಗೆ ಹಾಕಿದರೂ ಆರು ತಿಂಗಳಿಗೆ ಹತ್ತಿ ಗಂಟುಗಂಟಾಗಿ ನಡುವೆ ತಗ್ಗು ಬಿತ್ತು. ಬಿಚ್ಚಿಸಿ, ಹಿಂಜಿಸಿ, ಈ ಸಲ ಬೆರಳಗಲಕ್ಕೊಂದು ಹೊಲಿಗೆ ಹಾಕಿಸಿದೆ. ಪಿಂಜಾರರು ಮೊಣಕಾಲೂರಿ ಒತ್ತಿ ನೋಡಿ, “ಕಲ್ಲಾಗೇತಿ ನೋಡ್ರೀ, ಕೂಸಿಗೆ ಇಂಥಾದ್ದು ಮಾಡಿದ್ದು ಇದೇ ಮೊದಲ” ಅಂತ ಐವತ್ತು ರೂಪಾಯಿ ಜಾಸ್ತಿ ಕೇಳಿದರು. ಕೊಟ್ಟೆ.